ಸೆಸ್ನಾ 172 ವಿಮಾನದಲ್ಲಿ ಆಯಿಲ್ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಹತ್ತಿರ, ಸೆಂಡರ್ ಬದಲಿಸಿದರೂ ಅದೇ ಕಥೆ

ಹಳೇರೆಕ್ಕೆ:
ನಮಸ್ಕಾರ ಎಲ್ಲರಿಗೂ. ನಾವು ಮೂವರು ಸೇರಿ ಇಟ್ಟುಕೊಂಡಿರುವ 1975ರ ಸೆಸ್ನಾ 172ಎಂ, ಎಂಜಿನ್ ಲೈಕಮಿಂಗ್ ಓ-320. ಎರಡು ತಿಂಗಳಿಂದ ಆಯಿಲ್ ಟೆಂಪರೇಚರ್ ಗೇಜ್ ತಲೆ ತಿನ್ನುತ್ತಿದೆ. ಕ್ರೂಸ್‌ನಲ್ಲಿ, ಅಂದರೆ ಮೇಲೆ ಸಮವಾಗಿ ಹಾರುವಾಗ, ಮುಳ್ಳು ಹಸಿರು ಪಟ್ಟಿಯ ಮುಕ್ಕಾಲು ಭಾಗದಲ್ಲಿ ನಿಂತಿರುತ್ತದೆ, ಅದೇ ಮೊದಲಿಗಿಂತ ಸ್ವಲ್ಪ ಜಾಸ್ತಿ. ಇಳಿಯೋಕೆ ಅಂತ ಡೌನ್‌ವಿಂಡ್‌ಗೆ (ಇಳಿಯುವ ಮುಂಚೆ ರನ್‌ವೇಗೆ ಸಮಾನಾಂತರವಾಗಿ ಹಾರುವ ಹಂತ) ಬಂದರೆ ಸಾಕು, ಟಕ್ ಅಂತ ಎರಡು ಮುಳ್ಳಿನ ದಪ್ಪದಷ್ಟು ಮೇಲೆ ಹೋಗಿ 245 ಡಿಗ್ರಿ ಫ್ಯಾರನ್‌ಹೀಟ್‌ನ ಕೆಂಪು ಗೆರೆಗೆ ಒರಗಿಕೊಳ್ಳುತ್ತದೆ. ವೇಗ ಕಡಿಮೆ ಆಗುತ್ತದಲ್ಲ, ಗಾಳಿ ಸಾಲದೆ ಎಣ್ಣೆ ಬಿಸಿಯಾಗುತ್ತಿರಬೇಕು ಅಂದುಕೊಂಡೆ. ವರ್ಕ್‌ಶಾಪಿನವರು ಸೆಂಡರ್ (ಎಣ್ಣೆಯ ಬಿಸಿಯನ್ನು ಗೇಜ್‌ಗೆ ತಿಳಿಸುವ ಸೆನ್ಸರ್) ಬದಲಿಸಿದರು. ಬಿಲ್ ಬಂತು, ಮುಳ್ಳು ಮಾತ್ರ ಅದೇ ಚಾಳಿ ಬಿಡಲಿಲ್ಲ. ಈಗ ಗೇಜನ್ನೇ ಬದಲಿಸೋಣ ಅನ್ನುತ್ತಿದ್ದಾರೆ. ಅದಕ್ಕೆ ಹೂಂ ಅನ್ನೋ ಮುಂಚೆ ಇಲ್ಲಿ ಕೇಳುತ್ತಿದ್ದೇನೆ.

ಮೋಡದಾಚೆ:
ಗೇಜ್ ಸುಳ್ಳು ಹೇಳುತ್ತಿದೆ ಅಂತ ಗ್ಯಾರಂಟಿ ಆಗುವವರೆಗೂ ಅದು ನಿಜಾನೇ ಹೇಳುತ್ತಿದೆ ಅಂತ ಇಟ್ಟುಕೊಳ್ಳಿ. ನಿಮ್ಮ ವಿಮಾನದಲ್ಲಿ ಆಯಿಲ್ ಪ್ರೆಶರ್ ಗೇಜ್‌ಗೆ ಕರೆಂಟಿನ ಹಂಗಿಲ್ಲ, ಎಂಜಿನ್‌ನಿಂದ ಸಣ್ಣ ಪೈಪ್‌ನಲ್ಲಿ ಎಣ್ಣೆಯೇ ನೇರವಾಗಿ ಗೇಜ್‌ವರೆಗೆ ಬರುತ್ತದೆ. ಎಣ್ಣೆ ನಿಜವಾಗಿ ಅಷ್ಟು ಬಿಸಿಯಾದರೆ ತೆಳುವಾಗಿ ಪ್ರೆಶರ್ ಇಳಿಯಬೇಕು. ಮುಳ್ಳು ಹಾರಿದಾಗ ಪ್ರೆಶರ್ ಏನು ಮಾಡುತ್ತದೆ? ಅದೂ ಇಳಿಯುತ್ತಿದ್ದರೆ ಆಯಿಲ್ ಕೂಲರ್ ಕಟ್ಟಿಕೊಂಡಿದೆಯಾ, ವರ್ನಾಥರ್ಮ್ (ಬಿಸಿ ಎಣ್ಣೆಯನ್ನು ಕೂಲರ್ ಕಡೆ ತಿರುಗಿಸುವ ವಾಲ್ವ್) ಸರಿಯಾಗಿ ಮುಚ್ಚುತ್ತಿದೆಯಾ, ಗಾಳಿಗೆ ದಾರಿ ತೋರಿಸುವ ಬ್ಯಾಫಲ್ ಹರಿದಿದೆಯಾ ನೋಡಬೇಕು. ಏನೇ ಇರಲಿ, ಗೊತ್ತಾಗೋವರೆಗೂ ಹಾರಬೇಡಿ. ಈ ಗೇಜ್ ಇದ್ದರೂ ನಡೆಯುತ್ತೆ, ಇಲ್ಲದಿದ್ದರೂ ನಡೆಯುತ್ತೆ ಅನ್ನೋ ಸಾಮಾನಲ್ಲ.

ಹಳೇರೆಕ್ಕೆ:
ಪ್ರೆಶರ್ 75 ಪಿಎಸ್‌ಐನಲ್ಲೇ ಇರುತ್ತದೆ. ಮುಳ್ಳು ಹಾರುವಾಗ ಕದಲಲ್ಲ. ಪವರ್ ಪೂರ್ತಿ ತೆಗೆದ ಮೇಲೆ ಇಳಿಯುತ್ತದೆ, ಅದು ಮಾಮೂಲಿ ಅಲ್ವಾ.

ಗಾಳಿಗುದ್ದು:
ನಮ್ಮದರಲ್ಲಿ ಗೇಜೇ ಹೋಗಿತ್ತು ಸಾರ್. ಬದಲಿಸಿದೆವು, ಮುಗೀತು. ಸುಮ್ನೆ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ?

ಸ್ಪ್ಯಾನರ್_ಕೈ:
ಗೇಜ್ ಬದಲಿಸೋಕೆ ಇನ್ನೂ ಟೈಮಿದೆ, ತಡೀರಿ. ನೀವು ಬರೆದಿದ್ದರಲ್ಲಿ ನನಗೆ ಬೇಕಾದ ಮಾತು ಒಂದೇ, ಆ "ಟಕ್ ಅಂತ". ಎಂಜಿನ್ ತಳದ ಸಂಪ್‌ನಲ್ಲಿ ಏಳು ಲೀಟರ್ ಹತ್ತಿರ ಎಣ್ಣೆ ಇದೆ. ಅಷ್ಟು ಎಣ್ಣೆ ಒಂದು ಸೆಕೆಂಡಿನಲ್ಲಿ ಬಿಸಿಯಾಗೋಕೆ ಸಾಧ್ಯವೇ ಇಲ್ಲ. ಡೌನ್‌ವಿಂಡ್‌ನಲ್ಲಿ ವೇಗ ಇಳಿಸುತ್ತೀರಿ ಸರಿ, ಜೊತೆಗೆ ಲ್ಯಾಂಡಿಂಗ್ ಲೈಟೂ ಹಾಕುತ್ತೀರಿ ತಾನೇ?

ಈ ಗೇಜ್ ನೋಡೋದು ಸೆಂಡರ್‌ನ ರೆಸಿಸ್ಟೆನ್ಸ್. ಬಿಸಿ ಏರಿದಂತೆ ಅದು ಇಳಿಯುತ್ತದೆ, ಕರೆಂಟ್ ಜಾಸ್ತಿ ಹರಿಯುತ್ತದೆ, ಮುಳ್ಳು ಮೇಲೆ ಹೋಗುತ್ತದೆ. ಸೆಂಡರ್‌ಗೆ ಬರೋದು ಒಂದೇ ವೈರ್, ವಾಪಸ್ ದಾರಿ ಎಂಜಿನ್ ಮೈ. ಎಂಜಿನ್ ಕೂತಿರೋದು ರಬ್ಬರ್ ಮೇಲೆ, ಹಾಗಾಗಿ ಎಂಜಿನ್‌ಗೂ ವಿಮಾನದ ಬಾಡಿಗೂ ನಡುವೆ ಹೆಣೆದ ತಾಮ್ರದ ಅರ್ಥ್ ಪಟ್ಟಿ ಇರುತ್ತದೆ. ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ ಕೂತಿರೋದು ಎಂಜಿನ್ ಮೇಲೆ, ಅದರ ಕರೆಂಟೂ ಆ ಪಟ್ಟಿಯಲ್ಲೇ ವಾಪಸ್ ಹೋಗಬೇಕು. ಪಟ್ಟಿಯ ತುದಿ ಕಿಲುಬು ಹಿಡಿದಿದ್ದರೆ ಅಲ್ಲಿ ಒಂದಿಷ್ಟು ವೋಲ್ಟ್ ಬೀಳುತ್ತದೆ, ವೋಲ್ಟ್ ಲೆಕ್ಕದಲ್ಲಿ ಎಂಜಿನ್ ಮೈ ಬಾಡಿಗಿಂತ ಅಷ್ಟು ಕೆಳಗೆ ಕೂರುತ್ತದೆ, ಸೆಂಡರ್‌ನಲ್ಲಿ ಕರೆಂಟ್ ಜಾಸ್ತಿ ಹರಿದು ಗೇಜ್ "ಬಿಸಿ" ಅನ್ನುತ್ತದೆ. 100 ವ್ಯಾಟ್ ಲೈಟ್ ಅಂದರೆ ಇನ್ನೊಂದು 7-8 ಆಂಪ್ ಸೇರಿದ ಹಾಗೆ. ಗೇಜೇ ಕೆಟ್ಟಿದ್ದರೆ ಲೈಟ್ ಸ್ವಿಚ್ ಹಾಕಿದ್ದು ಅದಕ್ಕೆ ಹೇಗೆ ಗೊತ್ತಾಗಬೇಕು, ಹೇಳಿ.

ಹೀಗೆ ಮಾಡಿ. ನೆಲದ ಮೇಲೆ, ಎಂಜಿನ್ ಬಿಸಿಯಾದ ಮೇಲೆ ಆಲ್ಟರ್ನೇಟರ್ ಸ್ವಿಚ್ ಆಫ್ ಮಾಡಿ. ಮುಳ್ಳು ಆ ಕ್ಷಣಕ್ಕೇ ಇಳಿದರೆ ನನ್ನ ಅನುಮಾನ ಮುಕ್ಕಾಲು ಪಾಲು ಸರಿ. ಆಮೇಲೆ ಎಂಜಿನ್ ನಿಲ್ಲಿಸಿ, ಉದ್ದ ವೈರಿನ ಒಂದು ತುದಿ ಎಂಜಿನ್ ಹಿಂಭಾಗದ ಬೋಲ್ಟ್‌ಗೆ ಕಚ್ಚಿಸಿ, ಕೌಲಿಂಗ್ (ಎಂಜಿನ್ ಮುಚ್ಚಳ) ಕೆಳಗಿನಿಂದ ಬಾಗಿಲವರೆಗೆ ಟೇಪ್ ಹಾಕಿ ಒಳಗೆ ತನ್ನಿ. ಮಲ್ಟಿಮೀಟರ್‌ನ ಒಂದು ಕಡ್ಡಿ ಆ ವೈರಿಗೆ, ಇನ್ನೊಂದು ಬಾಡಿಯ ಬರೀ ಲೋಹಕ್ಕೆ. ಸ್ಟಾರ್ಟ್ ಮಾಡಿ ಓದಿ. ಹೆಚ್ಚು ಕಮ್ಮಿ ಸೊನ್ನೆ ಇರಬೇಕು. ಎಂಜಿನ್ ಓಡುವಾಗ ಮೀಟರ್ ಹಿಡಿದು ಮುಂದೆ ಯಾರೂ ನಿಲ್ಲಬೇಡಿ, ಪ್ರೊಪೆಲ್ಲರ್ ಕಣ್ಣಿಗೆ ಕಾಣಲ್ಲ.

ಇನ್ನೊಂದು ಕೇಳಬೇಕು, ಸ್ಟಾರ್ಟರ್ ಈಚೆಗೆ ಸೋಮಾರಿ ಆಗಿದೆಯಾ?

ಮೋಡದಾಚೆ:
ಹೊಸ ಸೆಂಡರ್ ಹಾಕುವಾಗ ತಿರುಪಿಗೆ ಟೆಫ್ಲಾನ್ ಟೇಪ್ ಸುತ್ತಿದ್ದಾರಾ ಅಂತಲೂ ನೋಡಿ. ಅದು ಅರ್ಥ್ ಕೆಡಿಸುತ್ತದೆ. ಆದರೆ ಹಾಗಾದರೆ ಮುಳ್ಳು ಕೆಳಗೆ ಬೀಳಬೇಕು, ನಿಮ್ಮದು ಉಲ್ಟಾ. ಸ್ಪ್ಯಾನರ್ ಹೇಳಿದ್ದೇ ಇರಬೇಕು.

ಹಳೇರೆಕ್ಕೆ:
ಸ್ಪ್ಯಾನರ್ ಅಣ್ಣ, ಕೈ ಮುಗಿದೆ. ಆಲ್ಟರ್ನೇಟರ್ ಆಫ್ ಮಾಡಿದ ಕೂಡಲೇ ಮುಳ್ಳು ಹಸಿರಿನ ಮಧ್ಯಕ್ಕೆ ಬಂತು, ಆನ್ ಮಾಡಿದರೆ ಮತ್ತೆ ಮೇಲೆ. ಮಕ್ಕಳ ಆಟದ ಥರ ನಾಲ್ಕು ಸಲ ಮಾಡಿ ನೋಡಿದೆ. ಮೀಟರ್‌ನಲ್ಲಿ ಲೈಟ್ ಇಲ್ಲದೆ 0.18 ವೋಲ್ಟ್, ಲೈಟ್ ಹಾಕಿದರೆ 0.28.

ಸ್ಟಾರ್ಟರ್ ಹೌದು, ನಿಧಾನ ಆಗಿತ್ತು. ಬ್ಯಾಟರಿಗೆ ವಯಸ್ಸಾಯ್ತು ಅಂತ ಸುಮ್ಮನಿದ್ದೆವು.

ಕೌಲಿಂಗ್ ಬಿಚ್ಚಿ ನೋಡಿದರೆ ಪಟ್ಟಿ ಹೊರಗಿನಿಂದ ಚೆನ್ನಾಗಿಯೇ ಇದೆ. ಫೈರ್‌ವಾಲ್ (ಎಂಜಿನ್ ಹಿಂದಿನ ಲೋಹದ ಗೋಡೆ) ಕಡೆ ಬೋಲ್ಟ್ ತೆಗೆದಾಗ ಗೊತ್ತಾಯಿತು. ಹಿಂದೆ ಯಾವಾಗಲೋ ಪೇಂಟ್ ಹೊಡೆದವರು ಅರ್ಥ್ ಜಾಗವನ್ನೂ ಬಿಟ್ಟಿಲ್ಲ, ಪಟ್ಟಿ ಕೂತಿರೋದು ಪೇಂಟ್ ಮೇಲೆ. ಇಷ್ಟು ದಿನ ಬೋಲ್ಟ್‌ನ ತಿರುಪಿನ ಮೂಲಕವೇ ಕರೆಂಟೆಲ್ಲ ಹರಿದಿದೆ. ವಾಷರ್ ಕೆಳಗೆ ಹಸಿರು ಪುಡಿ. ತಾಮ್ರದ ಎಳೆ ಮುಟ್ಟಿದರೆ ಬೆರಳಿಗೆ ಪುಡಿಪುಡಿಯಾಗಿ ಬಂತು.

ಸ್ಪ್ಯಾನರ್_ಕೈ:
ಹೊಸ ಪಟ್ಟಿಯೇ ಹಾಕಿಸಿ, ಎರಡೂ ಕಡೆ ಲೋಹ ಹೊಳೆಯುವವರೆಗೆ ಉಜ್ಜಿ. ಹಾಗೇ ಥ್ರಾಟಲ್ (ಪವರ್) ಮತ್ತು ಮಿಕ್ಸ್ಚರ್ (ಇಂಧನ-ಗಾಳಿ ಹದ) ಕೇಬಲ್ ಉದ್ದಕ್ಕೂ ಕೈಯಾಡಿಸಿ ನೋಡಿ. ಪಟ್ಟಿ ಕೈ ಕೊಟ್ಟಾಗ ಸ್ಟಾರ್ಟರ್ ಕರೆಂಟ್ ಆ ಕೇಬಲ್‌ಗಳ ಮೂಲಕ ದಾರಿ ಹುಡುಕಿಕೊಳ್ಳುತ್ತದೆ, ಒಳಗೆ ಸುಟ್ಟು ಹಿಡಿದುಕೊಂಡರೆ ಗೇಜ್ ವಿಷಯ ಮರೆತೇ ಹೋಗುತ್ತದೆ. ಲೈಸೆನ್ಸ್ ಇರುವ ಮೆಕ್ಯಾನಿಕ್ ನೋಡಿ ಲಾಗ್‌ಬುಕ್‌ಗೆ ಸಹಿ ಹಾಕಲಿ.

ಹಳೇರೆಕ್ಕೆ:
ಆಯಿತು. ಹೊಸ ಪಟ್ಟಿ, ಸಹಿ ಎರಡೂ ಆಗಿದೆ. ಲೈಟ್ ಹಾಕಿದರೂ ಮೀಟರ್ 0.01, ಮುಳ್ಳು ಅಲುಗಾಡಲ್ಲ. ಮೊದಲ ಸುತ್ತಿಗೇ ಎಂಜಿನ್ ಸ್ಟಾರ್ಟ್ ಆಗುತ್ತಿದೆ. ಕೇಬಲ್‌ಗಳು ಬಚಾವ್. ತೆಗೆದ ಹಳೇ ಸೆಂಡರನ್ನು ಕುದಿಯೋ ನೀರಲ್ಲಿ ಹೊಸದರ ಪಕ್ಕ ಇಟ್ಟು ಅಳೆದೆ, ಎರಡೂ ಒಂದೇ. ಪಾಪ, ಅದಕ್ಕೆ "ಒಳ್ಳೇದು" ಅಂತ ಚೀಟಿ ಅಂಟಿಸಿ ಡ್ರಾಯರ್‌ನಲ್ಲಿ ಇಟ್ಟಿದ್ದೇನೆ.