7 ತಿಂಗಳ ಕೂಸಿನ ಕಿಡ್ನಿ ಊತಕ್ಕೆ ರೋಬಾಟ್ ಬೇಕಾ, ಓಪನ್ ಸಾಕಾ?

ಪ್ರಶ್ನೆ: ನಮಸ್ತೆ ಡಾಕ್ಟ್ರೇ. ಮಗನಿಗೆ 7 ತಿಂಗಳು. ಎಡ ಕಿಡ್ನಿ ಊದಿರೋದು ಗರ್ಭದಲ್ಲಿದ್ದಾಗಲೇ ಸ್ಕ್ಯಾನಿಂಗ್‌ನಲ್ಲಿ ಗೊತ್ತಾಗಿತ್ತು. ರೀನೋಗ್ರಾಮ್‌ನಲ್ಲಿ (ಪ್ರತಿ ಕಿಡ್ನಿಯ ಕೆಲಸ ಅಳೆಯೋ ಸ್ಕ್ಯಾನ್) ಅದರ ಪಾಲಿನ ಕೆಲಸ 43%ರಿಂದ 32%ಗೆ ಇಳಿದಿದೆ, ಮೂತ್ರ ಹೆಚ್ಚಿಸೋ ಲೇಸಿಕ್ಸ್ ಕೊಟ್ಟರೂ ಮೂತ್ರ ಕೆಳಗಿಳೀತಿಲ್ಲ. ಒಬ್ಬರು ರೋಬಾಟ್ ಆಪರೇಷನ್ ಅಂತಾರೆ, ಇನ್ನೊಬ್ಬರು ಕೈಯಿಂದಲೇ ಕೊಯ್ದು ಮಾಡೋ ಓಪನ್ ಸಾಕು ಅಂತಾರೆ.

ಉತ್ತರ: 40%ಗಿಂತ ಕೆಳಗೆ ಇಳಿದು, ಮೂತ್ರವೂ ಹರಿಯದಿದ್ದರೆ ಪೈಲೋಪ್ಲಾಸ್ಟಿ, ಅಂದ್ರೆ ಮೂತ್ರ ಇಳಿಯೋ ದಾರಿ ಸರಿಮಾಡೋ ಆಪರೇಷನ್, ಬೇಕು, ಅದರಲ್ಲಿ ಇಬ್ಬರೂ ಸರಿ. ಎರಡು ವಿಧಾನದಲ್ಲೂ ಒಳಗೆ ನಡೆಯೋದು ಒಂದೇ ಕೆಲಸ. ಕಿಡ್ನಿಯ ಪೆಲ್ವಿಸ್‌ಗೆ (ಮೂತ್ರ ಸೇರೋ ಚೀಲಕ್ಕೆ) ಮೂತ್ರನಾಳ ಸೇರೋ ಕಡೆ ಕಿರಿದಾದ ತುಂಡು ತೆಗೆದು, ನಾಳದ ತುದಿಯನ್ನು ಉದ್ದಕ್ಕೆ ಸೀಳಿ ಅಗಲ ಮಾಡಿ, 6-0 ಅನ್ನೋ ತೆಳುವಾದ ಕರಗುವ ದಾರದಲ್ಲಿ ಮತ್ತೆ ಹೊಲೀತಾರೆ. ಸೀಳು ಒಳ್ಳೆಯ ನಾಳದವರೆಗೆ ಹೋಗದಿದ್ದರೆ, ನಾಳ ತಿರುಚಿಕೊಂಡರೆ, ಹೊಲಿಗೆ ಮೇಲೆ ಎಳೆತ ಬಿದ್ದರೆ ಮತ್ತೆ ಕಟ್ಟಿಕೊಳ್ಳುತ್ತೆ. ಇದನ್ನು ಯಂತ್ರ ತಪ್ಪಿಸಲ್ಲ, ರೋಬಾಟ್ ನಡೆಸೋ ಕನ್ಸೋಲ್ ಮುಂದೆ ಕೂತ ಸರ್ಜನ್ನೇ ತಪ್ಪಿಸಬೇಕು.

ಕೂಸಿನಲ್ಲಿ ತೊಡಕು ಜಾಗದ್ದು. ಡಾ ವಿಂಚಿ ಎಕ್ಸ್‌ಐ ಅನ್ನೋ ರೋಬಾಟ್‌ನ ಉಪಕರಣ 8 ಮಿ.ಮೀ. ದಪ್ಪ. ದೊಡ್ಡವರಲ್ಲಿ ಪೋರ್ಟ್‌ಗಳ (ಉಪಕರಣ ತೂರಿಸೋ ತೂತುಗಳ) ನಡುವೆ 6–8 ಸೆಂ.ಮೀ. ಬಿಡ್ತಾರೆ; ಇಷ್ಟು ಸಣ್ಣ ಹೊಟ್ಟೇಲಿ ಅದೆಲ್ಲಿಂದ ಬರಬೇಕು? ಹತ್ತಿರ ಹಾಕಿದರೆ ಹೊರಗೆ ರೋಬಾಟ್ ತೋಳುಗಳು ಒಂದಕ್ಕೊಂದು ತಾಗ್ತವೆ. ಇದೇ ವಯಸ್ಸಲ್ಲಿ ಓಪನ್‌ಗೆ ಪಕ್ಕೆಯಲ್ಲಿ 2–3 ಸೆಂ.ಮೀ. ಗಾಯ ಸಾಕಾಗುತ್ತೆ. ಕೂಸುಗಳಲ್ಲಿ ರೋಬಾಟ್ ಚೆನ್ನಾಗಿ ಪಳಗಿದ ತಂಡ ಸಿಗದಿದ್ದರೆ ನನ್ನ ಸಲಹೆ ಓಪನ್, ಖರ್ಚೂ ಕಡಿಮೆ. ರೋಬಾಟ್‌ನ ನಿಜವಾದ ಉಪಯೋಗ ದೊಡ್ಡ ಮಕ್ಕಳಲ್ಲಿ, ಎರಡನೇ ಸಲದ ಆಪರೇಷನ್‌ನಲ್ಲಿ.

ಇನ್ನೊಬ್ಬರು: ಮೇಡಂ, ಮಗಳಿಗೆ 9 ವರ್ಷ, ಹೋದ ವಾರ ಇದೇ ಆಪರೇಷನ್ ರೋಬಾಟ್‌ನಲ್ಲೇ ಆಯ್ತು. ಒಳಗೆ ಡಿಜೆ ಸ್ಟೆಂಟ್ (ಕಿಡ್ನಿಯಿಂದ ಮೂತ್ರಕೋಶದವರೆಗಿನ ಸಣ್ಣ ನಳಿಗೆ) ಇದೆ. ಮೂತ್ರ ಮಾಡುವಾಗ ಪಕ್ಕೆ ನೋವು ಅಂತಾಳೆ, ಮೂತ್ರ ನಸುಗೆಂಪು.

ಉತ್ತರ: ಸ್ಟೆಂಟ್ ಇರೋವಾಗ ಮೂತ್ರಕೋಶದಿಂದ ಮೂತ್ರ ಕಿಡ್ನಿಗೂ ಹಿಮ್ಮುಖ ಏರುತ್ತೆ, ನೋವು ಅದಕ್ಕೆ. ಓಡಾಡಿದ ದಿನ ಕೆಂಪು ಹೆಚ್ಚು ಕಾಣಬಹುದು. ನೀರು ಚೆನ್ನಾಗಿ ಕುಡಿಸಿ, ಮಲ ಕಟ್ಟದಂತೆ ನೋಡಿಕೊಳ್ಳಿ. ಪದೇ ಪದೇ ಅವಸರವಾದರೆ ಕೋಶ ಸಡಿಲಿಸೋ ಔಷಧ ಇದೆ, ನಿಮ್ಮ ಸರ್ಜನ್‌ ಬರೆದುಕೊಡ್ತಾರೆ. 101 ಡಿಗ್ರಿ ದಾಟಿದ ಜ್ವರ, ನಿಲ್ಲದ ವಾಂತಿ, ರಕ್ತದ ಗಡ್ಡೆ, ಹೊಟ್ಟೆ ಉಬ್ಬರ, ಮೂತ್ರ ಕಟ್ಟೋದು – ಇವುಗಳಲ್ಲಿ ಒಂದು ಕಂಡರೂ ಅವತ್ತೇ ಆಸ್ಪತ್ರೆಗೆ ಹೋಗಿ. ಸ್ಟೆಂಟ್ ಕಟ್ಟಿರಬಹುದು, ಜರುಗಿರಬಹುದು, ಹೊಲಿಗೆಯಿಂದ ಮೂತ್ರ ಸೋರ್ತಿರಬಹುದು.

ಸ್ಟೆಂಟನ್ನು ಸಾಮಾನ್ಯವಾಗಿ 4–6 ವಾರಕ್ಕೆ, ಸ್ವಲ್ಪ ಹೊತ್ತು ಅರಿವಳಿಕೆ ಕೊಟ್ಟು ತೆಗೀತಾರೆ. ಡಿಸ್ಚಾರ್ಜ್ ಹಾಳೆಯಲ್ಲಿ ತಾರೀಕು ಬರೆದಿಲ್ಲ ಅಂದ್ರೆ ಇವತ್ತೇ ಫೋನ್ ಮಾಡಿ ಕೇಳಿ. ಮರೆತರೆ ಸ್ಟೆಂಟ್ ಮೇಲೆ ಕಲ್ಲು ಕಟ್ಟುತ್ತೆ. ಆಮೇಲಿನ ಸ್ಕ್ಯಾನ್‌ನಲ್ಲಿ ಊತ ಇನ್ನೂ ಕಂಡರೆ ಗಾಬರಿ ಬೇಡ, ಹಿಗ್ಗಿದ ಪೆಲ್ವಿಸ್ ಕುಗ್ಗೋಕೆ ತಿಂಗಳುಗಳೇ ಬೇಕು. ಊತ ಹೆಚ್ಚಾಗ್ತಿದ್ದರೆ ಮಾತ್ರ ರೀನೋಗ್ರಾಮ್‌ಗೆ ಕಾಯಬೇಡಿ, ತಕ್ಷಣ ತೋರಿಸಿ.