ಬೆಂಗಳೂರಲ್ಲಿ ಇಳಿದು ಹುಬ್ಬಳ್ಳಿ ವಿಮಾನ ಹಿಡಿಯೋಕೆ ಐದು ಗಂಟೆ ಸಾಕಾ?

ಪ್ರಶ್ನೆ (ರಾಜಾಜಿನಗರದ ಸದಸ್ಯೆ):
ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ, ಅವನ ಹೆಂಡತಿ, ಆರು ವರ್ಷದ ಮಗಳು ಡಿಸೆಂಬರ್‌ನಲ್ಲಿ ಫ್ರಾಂಕ್‌ಫರ್ಟ್‌ನಿಂದ ಬರುತ್ತಿದ್ದಾರೆ. ವಿಮಾನ ರಾತ್ರಿ 1.40ಕ್ಕೆ ಬೆಂಗಳೂರಲ್ಲಿ ಇಳಿಯುತ್ತದೆ. ಅಲ್ಲಿಂದ ಸೀದಾ ಹುಬ್ಬಳ್ಳಿಗೆ, ಅಮ್ಮನ ಮನೆಗೆ. ಹುಬ್ಬಳ್ಳಿವರೆಗೂ ಒಂದೇ ಟಿಕೆಟ್ ತಗೊಂಡರೆ ಮೂವರಿಗೂ ಸೇರಿ 16 ಸಾವಿರ ಜಾಸ್ತಿ ಬೀಳುತ್ತಿದೆ. ಅದಕ್ಕೆ ಬೆಂಗಳೂರು–ಹುಬ್ಬಳ್ಳಿ ಬೇರೆಯಾಗಿ ಬುಕ್ ಮಾಡೋಣ ಅಂತ. ಬೆಳಗ್ಗೆ 6.30ರ ವಿಮಾನ ನೋಡಿದ್ದೇವೆ. ಹತ್ತಿರ ಹತ್ತಿರ ಐದು ಗಂಟೆ ಸಿಗುತ್ತದೆ, ಸಾಕಲ್ವಾ? ಲಗೇಜ್ ಅವರೇ ಹುಬ್ಬಳ್ಳಿಗೆ ಕಳಿಸುತ್ತಾರಾ? ಟಿಕೆಟಿಂಗ್ ಕೆಲಸ ಗೊತ್ತಿರುವವರು ದಯವಿಟ್ಟು ಹೇಳಿ.

ಉತ್ತರ (ಮಲ್ಲೇಶ್ವರದ ಟ್ರಾವೆಲ್ ಏಜೆಂಟ್):
ಮೇಡಂ, ಮೊದಲು ಲಗೇಜ್ ವಿಷಯ. ಕಳಿಸುವುದಿಲ್ಲ. ಬೇರೆ ಬೇರೆ ಟಿಕೆಟ್ ಅಂದರೆ ಫ್ರಾಂಕ್‌ಫರ್ಟ್‌ನಲ್ಲಿ ಹಾಕಿದ ಪೆಟ್ಟಿಗೆಗೆ ಬೆಂಗಳೂರೇ ಕೊನೆ. ನಿಮ್ಮ ತಮ್ಮ ಇಮಿಗ್ರೇಷನ್ (ಪಾಸ್‌ಪೋರ್ಟ್ ತಪಾಸಣೆ) ಮುಗಿಸಿ, ಬೆಲ್ಟ್‌ನಿಂದ ಪೆಟ್ಟಿಗೆ ಎತ್ತಿಕೊಂಡು, ಕಸ್ಟಮ್ಸ್ ದಾಟಿ ಹೊರಗೆ ಬರಬೇಕು. ಆಮೇಲೆ ಹೊಸದಾಗಿ ಊರಿಗೆ ಹೊರಟವರ ಹಾಗೆ ಗೇಟಿನಲ್ಲಿ ಭದ್ರತೆಯ ಸಿಐಎಸ್‌ಎಫ್‌ನವರಿಗೆ ಟಿಕೆಟ್, ಗುರುತಿನ ಚೀಟಿ ತೋರಿಸಿ ಒಳಗೆ ಹೋಗಿ ಮತ್ತೆ ಚೆಕ್‌-ಇನ್ ಮಾಡಬೇಕು.

ಈಗ ಗಂಟೆಗೆ ಬರೋಣ. ನೀವು 1.40ರಿಂದ 6.30ಕ್ಕೆ ಲೆಕ್ಕ ಹಾಕಿದ್ದೀರಿ. ನಾನು 5.30ಕ್ಕೆ ಹಾಕುತ್ತೇನೆ. ಒಳನಾಡಿನ ವಿಮಾನಕ್ಕೆ ಚೆಕ್‌-ಇನ್ ಕೌಂಟರ್ ಒಂದು ಗಂಟೆ ಮುಂಚೆಯೇ ಮುಚ್ಚುತ್ತದೆ. ವೆಬ್ ಚೆಕ್‌-ಇನ್ ಮಾಡಿದ್ದರೂ ಪೆಟ್ಟಿಗೆ ಕೊಡಲು ಅದೇ ಗಡುವು. ಅಲ್ಲಿಗೆ ಉಳಿದದ್ದು ಮೂರು ಗಂಟೆ ಐವತ್ತು ನಿಮಿಷ.

ಯುರೋಪಿನ ಕಡೆಯ ಸುಮಾರು ವಿಮಾನಗಳು ಬೆಂಗಳೂರಿಗೆ ಬರುವುದು ನಡುರಾತ್ರಿ ದಾಟಿದ ಮೇಲೆ. ಹೊತ್ತಿಗೆ ಹೊತ್ತು ಸೇರಿ ನಾಲ್ಕೈದು ವಿಮಾನ ಒಟ್ಟಿಗೆ ಇಳಿದರೆ ಇಮಿಗ್ರೇಷನ್ ಸಾಲು ಬೆಳೆಯುತ್ತದೆ. ಅದಕ್ಕೆ ಒಂದೂವರೆ ಗಂಟೆ ಇಟ್ಟುಕೊಳ್ಳಿ, ಪೆಟ್ಟಿಗೆಗೆ ಮುಕ್ಕಾಲು ಗಂಟೆ. ಆಮೇಲೆ ಟರ್ಮಿನಲ್ ಬದಲಾಗಬಹುದು. ಹೊರದೇಶದ ವಿಮಾನಗಳು 2023ರ ಸೆಪ್ಟೆಂಬರ್‌ನಿಂದ ಟರ್ಮಿನಲ್ 2ಕ್ಕೆ ಬರುತ್ತವೆ. ಇಂಡಿಗೋದ ಒಳನಾಡಿನ ವಿಮಾನಗಳು ಹೆಚ್ಚಾಗಿ ಟರ್ಮಿನಲ್ 1ರಿಂದ ಹೊರಡುತ್ತವೆ. ನಡುವೆ ಉಚಿತ ಶಟಲ್ ಬಸ್ ಇದೆ. ಆದರೂ ಟ್ರಾಲಿ, ನಿದ್ದೆಗಣ್ಣಿನ ಮಗು, ಮೂರು ಪೆಟ್ಟಿಗೆ ಕಟ್ಟಿಕೊಂಡು ಹೋಗೋದಕ್ಕೆ ಅರ್ಧ ಗಂಟೆ ಬೇಕೇ ಬೇಕು. ಟಿಕೆಟ್ ಮೇಲೆ ಟರ್ಮಿನಲ್ ಬರೆದಿರುತ್ತದೆ, ನೋಡಿಕೊಳ್ಳಿ.

ಫ್ರಾಂಕ್‌ಫರ್ಟ್ ವಿಮಾನ ಸರಿಯಾದ ಹೊತ್ತಿಗೆ ಬಂದರೆ 6.30ರದ್ದು ಸಿಗುತ್ತದೆ. ಒಂದೂವರೆ ಗಂಟೆ ತಡವಾದರೆ ಸಿಗುವುದಿಲ್ಲ. ಡಿಸೆಂಬರ್‌ನಲ್ಲಿ ಅಲ್ಲಿ ಹಿಮ ಬಿದ್ದು ತಡವಾಗುವುದೂ ಇದೆ.

ನಾನು ಎಲ್ಲರಿಗೂ ಕೇಳೋ ಪ್ರಶ್ನೆ ಒಂದೇ. ಈ ವಿಮಾನ ತಪ್ಪಿದರೆ ಮುಂದಿನದು ಯಾವಾಗ? ದೆಹಲಿಗೆ ತಪ್ಪಿದರೆ ಒಂದೆರಡು ಗಂಟೆಯಲ್ಲಿ ಇನ್ನೊಂದು ಇರುತ್ತದೆ. ಹುಬ್ಬಳ್ಳಿಗೆ ದಿನಕ್ಕೆ ಬೆರಳೆಣಿಕೆಯಷ್ಟೇ. ಅದರಲ್ಲೂ ರಜೆಯ ಸಮಯದಲ್ಲಿ ಮೂರು ಸೀಟು ಒಟ್ಟಿಗೆ ಸಿಗಬೇಕು. ನಾನಾಗಿದ್ದರೆ 6.30 ಬಿಟ್ಟು ಮಧ್ಯಾಹ್ನದ ಹತ್ತಿರದ್ದು ನೋಡುತ್ತಿದ್ದೆ. ಇನ್ನೊಂದು ಕಾರಣವೂ ಇದೆ. ಡಿಸೆಂಬರ್, ಜನವರಿಯಲ್ಲಿ ವಿಮಾನ ನಿಲ್ದಾಣವಿರುವ ದೇವನಹಳ್ಳಿ ಕಡೆ ಬೆಳಗಿನ ಜಾವ ಮಂಜು ಮುಸುಕುತ್ತದೆ. ಮೊದಲ ವಿಮಾನಗಳೇ ಅದಕ್ಕೆ ಸಿಕ್ಕಿಕೊಳ್ಳುವುದು.

ಮರುಪ್ರಶ್ನೆ (ಅದೇ ಸದಸ್ಯೆ):
ತುಂಬಾ ಥ್ಯಾಂಕ್ಸ್ ಸಾರ್. ಅಕಸ್ಮಾತ್ ತಪ್ಪಿದರೆ ದುಡ್ಡು ವಾಪಸ್ ಬರುತ್ತದಾ? ಫ್ರಾಂಕ್‌ಫರ್ಟ್ ವಿಮಾನ ತಡವಾಗಿದ್ದಕ್ಕೆ ಅವರೇ ಕೊಡಬೇಕಲ್ವಾ?

ಉತ್ತರ:
ಕೊಡುವುದಿಲ್ಲ ಮೇಡಂ. ಎರಡು ಪಿಎನ್‌ಆರ್ (ಬುಕಿಂಗ್ ಸಂಖ್ಯೆ) ಅಂದರೆ ಎರಡು ಬೇರೆ ಪ್ರಯಾಣ. ಫ್ರಾಂಕ್‌ಫರ್ಟ್‌ನಿಂದ ಕರೆತಂದವರ ಹೊಣೆ ಬೆಂಗಳೂರಿಗೆ ಮುಗಿಯಿತು. ಹುಬ್ಬಳ್ಳಿ ವಿಮಾನದವರ ಪಾಲಿಗೆ ನೀವು ಹೇಳದೆ ಕೇಳದೆ ಬಾರದವರು, ಅವರ ಭಾಷೆಯಲ್ಲಿ ನೋ-ಶೋ. ಟಿಕೆಟ್ ದುಡ್ಡು ಹೋಯಿತು ಅಂತಲೇ ಲೆಕ್ಕ. ಆದರೂ ಒಂದು ಕೇಳಿ ಪಡೆಯಿರಿ: ನೋ-ಶೋ ಆದರೂ ತೆರಿಗೆ ಮತ್ತು ವಿಮಾನ ನಿಲ್ದಾಣದ ಬಳಕೆ ಶುಲ್ಕ ವಾಪಸ್ ಕೊಡಬೇಕು ಅಂತ ವಿಮಾನಯಾನ ನಿಯಂತ್ರಕ ಡಿಜಿಸಿಎಯ ನಿಯಮವಿದೆ. ಸಣ್ಣ ಮೊತ್ತ ಅಂತ ಎಷ್ಟೋ ಜನ ಕೇಳುವುದೇ ಇಲ್ಲ. ನಿಮ್ಮ ದುಡ್ಡು ಅದು, ಯಾಕೆ ಬಿಡಬೇಕು?

ಒಂದೇ ಟಿಕೆಟ್‌ನಲ್ಲಿ ಈ ತಲೆನೋವಿಲ್ಲ. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ವಿಮಾನದಲ್ಲಿ ಕೂರಿಸುವ ಜವಾಬ್ದಾರಿ ಅವರದ್ದೇ. ಆಗಲೂ ಬೆಂಗಳೂರಲ್ಲಿ ಪೆಟ್ಟಿಗೆ ತೆಗೆದುಕೊಂಡು ಕಸ್ಟಮ್ಸ್ ದಾಟಿಸುವ ಕೆಲಸ ಸಾಮಾನ್ಯವಾಗಿ ಇದ್ದೇ ಇರುತ್ತದೆ.

ಇನ್ನು ಆ 16 ಸಾವಿರದ ಉಳಿತಾಯ. ಫ್ರಾಂಕ್‌ಫರ್ಟ್ ಟಿಕೆಟ್‌ನಲ್ಲಿ ಒಬ್ಬೊಬ್ಬರಿಗೆ 23 ಕಿಲೋ ಇದೆ ಅಂದುಕೊಳ್ಳಿ. ಮೂವರಿಗೆ 69. ಒಳನಾಡಿನ ಸಾಮಾನ್ಯ ಟಿಕೆಟ್‌ನಲ್ಲಿ ಒಬ್ಬರಿಗೆ 15, ಮೂವರಿಗೆ 45. ಉಳಿದ 24 ಕಿಲೋಗೆ ಕೌಂಟರ್‌ನಲ್ಲಿ ದುಡ್ಡು ಕಟ್ಟಬೇಕು. ಕಿಲೋಗೆ 500 ಅಂತ ಹಿಡಿದರೂ 12 ಸಾವಿರ ಆಯಿತು. ಆರು ವರ್ಷದ ಮಗುವಿನ ಬಟ್ಟೆ, ಬೊಂಬೆ, ಅತ್ತೆ ಮಾವನಿಗೆ ತಂದ ಚಾಕೊಲೇಟು ಎಲ್ಲ ಸೇರಿದರೆ 69 ಕಿಲೋ ಆಗೇ ಆಗುತ್ತದೆ. ಹೆಚ್ಚಿನ ಲಗೇಜನ್ನು ವಿಮಾನದವರ ಆ್ಯಪ್‌ನಲ್ಲಿ ಮೊದಲೇ ಕೊಂಡರೆ ಕಡಿಮೆಗೆ ಬರುತ್ತದೆ. ಅದನ್ನೂ ಸೇರಿಸಿ ಎರಡು ದರ ಹೋಲಿಸಿ ನೋಡಿ. ವ್ಯತ್ಯಾಸ ಎರಡು ಮೂರು ಸಾವಿರಕ್ಕೆ ಇಳಿದರೆ ನಾನಂತೂ ಒಂದೇ ಟಿಕೆಟ್ ಅಂತ ಹೇಳುತ್ತೇನೆ. ಚಿಕ್ಕ ಮಗು ಜೊತೆಗಿದೆ, ರಾತ್ರಿ ಹೊತ್ತು ಬೇರೆ.

ಪ್ರಶ್ನೆ (ವಿಜಯನಗರದ ಸದಸ್ಯ):
ಸಾರ್, ನಾನು ಆಫೀಸ್ ಕೆಲಸಕ್ಕೆ ಸಿಂಗಪುರಕ್ಕೆ ಹೋಗಿ ಬರುತ್ತಿರುತ್ತೇನೆ. ವಾಪಸ್ ಬಂದು ಅದೇ ದಿನ ದೆಹಲಿಗೆ ಹೋಗಬೇಕು. ಬರೀ ಒಂದು ಬ್ಯಾಗ್, ಕೈಯಲ್ಲೇ ಇರುತ್ತದೆ. ನನಗೂ ಅಷ್ಟೊಂದು ಗಂಟೆ ಬೇಕಾ?

ಉತ್ತರ:
ಬೇಡ. ಪೆಟ್ಟಿಗೆಗೆ ಕಾಯುವುದಿಲ್ಲ, ಕೌಂಟರ್‌ಗೆ ಹೋಗುವುದೂ ಇಲ್ಲ. ತಪ್ಪಿದರೂ ದೆಹಲಿಗೆ ಬೇರೆ ವಿಮಾನ ಉಂಟು. ಮೂರು ಗಂಟೆ ಸಾಕು. ನೀವು ಆಗಾಗ ಓಡಾಡುವವರು, ಕೇಂದ್ರ ಸರ್ಕಾರದ ಫಾಸ್ಟ್ ಟ್ರ್ಯಾಕ್ ಇಮಿಗ್ರೇಷನ್‌ಗೆ ಹೆಸರು ನೋಂದಾಯಿಸಿ. 2025ರ ಜನವರಿಯಿಂದ ಬೆಂಗಳೂರಲ್ಲೂ ಇದೆ, ಭಾರತದ ಪಾಸ್‌ಪೋರ್ಟ್ ಇರುವವರಿಗೆ ಉಚಿತ. ಇ-ಗೇಟ್‌ನಲ್ಲಿ, ಅಂದರೆ ತಾನೇ ತೆರೆಯುವ ಗೇಟಿನಲ್ಲಿ, ಬೇಗ ಹೊರಗೆ ಬರಬಹುದು.

ದೆಹಲಿಯಲ್ಲಿ ಇಳಿದು ಬೆಂಗಳೂರಿಗೆ ಬರುವವರು ಮಾತ್ರ ಜಾಸ್ತಿ ಹೊತ್ತು ಇಟ್ಟುಕೊಳ್ಳಿ. ಅಲ್ಲಿ ಟರ್ಮಿನಲ್ 3ರಿಂದ 1ಕ್ಕೆ ಹೊರಗಿನ ರಸ್ತೆಯಲ್ಲೇ ಹೋಗಬೇಕು, ಟ್ರಾಫಿಕ್ಕೂ ಇರುತ್ತದೆ.

ಮರುಪ್ರಶ್ನೆ (ರಾಜಾಜಿನಗರದ ಸದಸ್ಯೆ):
ತಮ್ಮನ ಹತ್ತಿರ ಮಾತಾಡಿದೆ ಸಾರ್. ಲಗೇಜ್ ಒಬ್ಬರಿಗೆ 20 ಕಿಲೋ ಒಳಗೇ ಮುಗಿಸುತ್ತಾನಂತೆ, ಬೇರೆ ಟಿಕೆಟ್ಟೇ ಇರಲಿ ಅಂದ. ಬೆಳಗ್ಗೆ 11ರ ನಂತರದ್ದು ತಗೊಳ್ಳುತ್ತೇವೆ. ಅಷ್ಟು ಹೊತ್ತು ಮಗು ಎಲ್ಲಿರಬೇಕು? ಇನ್ನೊಂದು, ಅಪ್ಪನಿಗೆ ಡ್ಯೂಟಿ ಫ್ರೀಯಲ್ಲಿ ಒಂದು ಬಾಟಲಿ ತರುತ್ತಾನಂತೆ, ತೊಂದರೆ ಇಲ್ಲವಲ್ಲ?

ಉತ್ತರ:
ಟರ್ಮಿನಲ್ 2ರಲ್ಲೇ ಗಂಟೆ ಲೆಕ್ಕದಲ್ಲಿ ಕೋಣೆ ಕೊಡುವ ಹೋಟೆಲ್ ಇದೆ, ಮೊದಲೇ ಬುಕ್ ಮಾಡಿ. ನೀವು ರಾಜಾಜಿನಗರದಲ್ಲೇ ಇದ್ದೀರಿ. ಮನೆಗೆ ಕರೆದುಕೊಂಡು ಬಂದು ಸ್ನಾನ, ತಿಂಡಿ ಮಾಡಿಸಿ ಕಳಿಸಬಹುದು. ಆದರೆ ಬೆಳಗ್ಗೆ 7ರ ಒಳಗೆ ಮನೆ ಬಿಡಿ, ಹೆಬ್ಬಾಳದ ಹತ್ತಿರ ಸಿಕ್ಕಿಕೊಂಡರೆ ಕಷ್ಟ. ಆಗ ರೈಲನ್ನೂ ಯೋಚಿಸಬಹುದು. ಬೆಂಗಳೂರು–ಧಾರವಾಡ ವಂದೇ ಭಾರತ್ 2023ರ ಜೂನ್‌ನಿಂದ ಓಡುತ್ತಿದೆ, ಹುಬ್ಬಳ್ಳಿಯಲ್ಲಿ ನಿಲ್ಲುತ್ತದೆ. ಪೆಟ್ಟಿಗೆಯ ತೂಕ ಸಾಮಾನ್ಯವಾಗಿ ಯಾರೂ ನೋಡುವುದಿಲ್ಲ.

ಬಾಟಲಿಯನ್ನು ಕೈಚೀಲದಲ್ಲಿ ಇಟ್ಟುಕೊಂಡು ಎರಡನೇ ವಿಮಾನದ ಸೆಕ್ಯುರಿಟಿಗೆ ಹೋಗಬೇಡಿ. ಬೆಂಗಳೂರಲ್ಲಿ ಪೆಟ್ಟಿಗೆ ಕೈಗೆ ಬರುತ್ತದಲ್ಲ, ಆಗಲೇ ಬಟ್ಟೆ ಸುತ್ತಿ ಒಳಗೆ ಇಟ್ಟುಬಿಡಲಿ. ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲೇ ಇರಬೇಕು.

ದುಡ್ಡು ಕಟ್ಟುವ ಮುಂಚೆ ತಾರೀಖು ಇನ್ನೊಂದು ಸಲ ನೋಡಿ ಮೇಡಂ. ಫ್ರಾಂಕ್‌ಫರ್ಟ್ ಬಿಡುವುದು 19ಕ್ಕೆ ಆದರೆ ಬೆಂಗಳೂರಲ್ಲಿ ರಾತ್ರಿ 1.40 ಅನ್ನುವುದು 20ನೇ ತಾರೀಖು. ಹುಬ್ಬಳ್ಳಿ ಟಿಕೆಟ್ 20ರದ್ದೇ ಇರಬೇಕು. ಹೆಸರು ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೆಯೇ ಹಾಕಿ, ಮಗುವಿನದ್ದೂ ಸೇರಿ.