ಈ ವಾರದ ಸಮಸ್ಯೆ: ಕಿವುಡನು ಪಿಸುಮಾತಾಲಿಸಿದ

ಗುಮ್ಮಟದ ಪಾರಿವಾಳ (ವಿಜಯಪುರ):
ಬರ್ರಿ ಬರ್ರಿ, ಈ ವಾರ ಪಾಳಿ ನಂದು. ಸಮಸ್ಯೆ ಅಂದ್ರ ಆಗದಂಥ ಮಾತಿನ ಕಡೀ ಸಾಲು ನಾ ಕೊಡೂದು, ಅದು ಹೊಂದೂಹಂಗ ಮ್ಯಾಲಿನ ಸಾಲು ನೀವು ಕಟ್ಟೂದು. ಆರು ಸಾಲಿನ ಶರ ಷಟ್ಪದಿ, ಕಡೀ ಸಾಲು "ಕಿವುಡನು ಪಿಸುಮಾತಾಲಿಸಿದ". ಹೊಸಬರಿಗೆ ಮತ್ತೊಮ್ಮೆ ಹೇಳ್ತೀನಿ, ಒಂದು ಎರಡು ನಾಲ್ಕು ಐದನೇ ಸಾಲಿಗೆ 8 ಮಾತ್ರೆ (ಅಕ್ಷರ ಅನ್ನಾಕ ಹಿಡಿಯೂ ಹೊತ್ತಿನ ಅಳತಿ), ಮೂರು ಆರಕ್ಕ 14, ಪ್ರಾಸಕ್ಕ ಎಲ್ಲಾ ಸಾಲಿನ ಎರಡನೇ ಅಕ್ಷರ ವ-ಕಾರ. ಮತ್ತ ಕನಸಿನ್ಯಾಗ ಕೇಳಿದಾ ಅಂತ ಬರದು ಪಾರಾಗಬ್ಯಾಡ್ರಿ, ಹೋದ ಸಲ ನಾಲ್ಕು ಮಂದಿ ಕನಸು ಕಂಡಿದ್ರಿ.

ಜೋಳದರೊಟ್ಟಿ:
ಇಂಥ ಕಿವುಡ ನಮ್ಮ ಮನ್ಯಾಗ ಒಬ್ಬ ಅದಾನ, ನಮ್ಮ ಕಾಕಾ, ಹೆಸರು ಬ್ಯಾಡ.

ಬವಣೆಗೆ ಕೂಗಲು
ಕಿವಿಯೇ ಕೇಳದು
ಅವಸರ ಬಿದ್ದರು ಮಲಗಿದನು
ಸವಿಸವಿ ಹೋಳಿಗೆ
ಅವಳೆನ್ನುತಲಿರೆ
ಕಿವುಡನು ಪಿಸುಮಾತಾಲಿಸಿದ

ಖರೇನ ಹೇಳ್ತೀನಿ, ಕಾರಹುಣ್ಣಿವಿ ದಿನಾ ಎತ್ತಿಗೆ ನೀರ ಕುಡಿಸಾಕ ಕರದ್ರ ಹೂಂ ಇಲ್ಲ ಹಾಂ ಇಲ್ಲ, ಅಡಗಿ ಮನ್ಯಾಗ ಕಾಕು ನಮ್ಮವ್ವನ ಕಿವ್ಯಾಗ ಹೂರಣ ಉಳದೈತಿ ಅಂದದ್ದಕ್ಕ ತಾಟು ತೊಗೊಂಡು ಬಂದು ಕುಂತಿದ್ದ.

ಕರದಂಟು (ಗೋಕಾಕ):
"ಬಾವಿಯ ದಂಡೆಲಿ / ಕವಿಗಳು ಕುಂತರು"... ಮುಂದ ಹೊಳೀವಲ್ದು.

ಇಳಕಲ್ಲ ಸೆರಗು:
ಮಾತ್ರೆ ಸರಿ ಅದಾವ್ರಿ, ಪ್ರಾಸ ಹೋತು. ಕೊಟ್ಟ ಸಾಲಿನ "ಕಿ" ಹ್ರಸ್ವ, ಅಂದ್ರ ಸಿಂಹಪ್ರಾಸ, ನೀವು "ಬಾ" ಅಂತ ಎಳದ್ರಿ, ಅದು ಗಜಪ್ರಾಸ. ಸಿಂಹದ ಹಿಂಡಿನ್ಯಾಗ ಆನಿ ಬಿಟ್ಟಂಗಾತು.

ಕರದಂಟು:
ಆನಿ ವಾಪಸ್ 🙏 ಆದ್ರ ಒಂದು ಡೌಟು, ರೊಟ್ಟಿ ಅವ್ರ ಕಾಕಾ ಖರೇ ಕಿವುಡ ಅಲ್ಲಲ್ಲ, ಸೋಗು. ನಡೀತದೇನು?

ಗುಮ್ಮಟದ ಪಾರಿವಾಳ:
ನಡೀತದ. ಜಾಣಕಿವುಡು ಅನ್ನೂ ಮಾತು ಸುಮ್ನ ಹುಟ್ಟಿಲ್ಲ, ಮನಿ ಯಜಮಾನ ಇರ್ಲಿ ಆಫೀಸಿನ ಸಾಹೇಬ ಇರ್ಲಿ, ಅರ್ಧಾ ಸಂಸಾರ ಅದರ ಮ್ಯಾಲೇ ನಡದದ. ಆದ್ರ ನನಗ ಬೇಕಾಗಿದ್ದು ಖರೇ ಕಿವುಡ. ಸೋಗಿನವನ್ನ ತಂದ್ರ ಗಂಟು ಬಿಚ್ಚಿದಂಗಲ್ಲ, ಕತ್ತರಿ ಹಾಕಿದಂಗ.

ಇಳಕಲ್ಲ ಸೆರಗು:
ಹಂಗಾದ್ರ ಇದು ನೋಡ್ರಿ, ನಿಮ್ಮ ಹೆಸರಿನ ಗುಮ್ಮಟಾನೂ ಎಳ್ಕೊಂಡು ಬಂದೀನಿ.

ಕಿವಿಯಿದ್ದವರಿಗೆ
ರವವೇ ತುಂಬಿರೆ
ಇವನಿಗೆ ಗುಮ್ಮಟ ಶಾಂತವದು
ಅವಳಧರದ ನುಡಿ-
ಕವಿತೆಯನೋದುತ
ಕಿವುಡನು ಪಿಸುಮಾತಾಲಿಸಿದ

ಗುಮ್ಮಟದ ಪಾರಿವಾಳ:
ಅಯ್ಯ, ನೀವೂ ಅಲ್ಲೇ ಇದ್ರೇನು? ಹೋದ ಐತವಾರ ಬೀಗರನ್ನ ಕರಕೊಂಡು ಗೋಳಗುಮ್ಮಟ ಹತ್ತಿದ್ದೆ, ಮ್ಯಾಲಿನ ಗ್ಯಾಲರಿ ಗ್ವಾಡಿಗೆ ಬಾಯಿ ಹಚ್ಚಿ ಪಿಸುಗುಟ್ಟಿದ್ರ ಎದುರು ದಂಡಿಗೆ ಕೇಳಸ್ತದ ಖರೆ, ಆದ್ರ ಹುಡುಗೂರು ಸೀಟಿ ಹೊಡ್ಯಾಕತ್ತಿದ್ವು, ಒಂದಕ್ಕ ಏಳು ಆಗಿ ಹೊಳ್ಳಿ ಬರೂಮುಂದ ಯಾರ ಪಿಸುಮಾತು ಯಾರಿಗೆ ಕೇಳಬೇಕು. ನನ್ನ ಬಾಜೂಕ ಒಬ್ಬ ಮುದುಕ, ಗದ್ದಲ ತಾಳಲಾರದ ಕಿವಿ ಮಷೀನ್ ತಗದು ಅಂಗಿ ಕಿಸೇದಾಗ ಇಟ್ಕೊಂಡ. ಎರಡು ಮಾರು ದೂರ ನಿಂತ ಹೆಣ್ತಿ ಬರೇ ತುಟಿ ಅಳ್ಳಾಡಿಸಿದ್ಲು, ಇವ ನಕ್ಕೋತ ಮೆಟ್ಟಲ ಕಡೆ ಹೊಂಟ. ಇಡೀ ಗ್ಯಾಲರಿ ಒಳಗ ಮಾತು ಮುಟ್ಟಿದ್ದು ಅವನೊಬ್ಬಗ. ಮುಂದಿನ ಪಾಳಿ ನಿಮ್ಮದ್ರಿ ಅಕ್ಕಾರ.

ಇಳಕಲ್ಲ ಸೆರಗು:
ನಮ್ಮ ಬಾಗಲಕೋಟಿದು ತೊಗೋರ್ರಿ, ಆಲಮಟ್ಟಿ ಹಿನ್ನೀರಿಗೆ ಮನಿ ಬಿಟ್ಟುಕೊಟ್ಟವ್ರಿಗೆ ಬಿಡಿಸಿ ಹೇಳೂದು ಬ್ಯಾಡ: "ಮುಳುಗಿದ ಊರಿಗೆ ನೀರಡಿಕೆ". ಎರಡನೇ ಅಕ್ಷರ ಳ-ಕಾರ, ಸಿಂಹಪ್ರಾಸ. ಕರದಂಟು ಅವ್ರ, ಆನಿ ಹುಷಾರು.

ಕರದಂಟು:
ಕಟ್ಟಿ ಹಾಕೀನ್ರಿ. "ಹಳೆಮನೆ ಕೀಲಿಯ / ಕಳೆಯದೆ ಇಟ್ಟಳು"... ಮೂರನೇ ಸಾಲಿಗೆ ಚಾ ಕುಡದು ಬರ್ತೀನಿ.